ಕೇಳದೆ ಕೊಟ್ಟ ಉತ್ತರ

ಉಪ್ಪಾರಹಳ್ಳಿಯ ದೇವಮಿತ್ರ ಮೇಷ್ಟ್ರು ಪ್ರಾರ್ಥನೆ ಮಾಡುವುದರಲ್ಲಿ ಎತ್ತಿದ ಕೈ. ತುಮಕೂರಿನಲ್ಲಿ ಅವರ ಚರ್ಚಿನ ಸಭೆಗೆ ಸೇರಿದ ಯಾರ ಮನೆಯಲ್ಲಿ ಏನೇ ನಡೆಯಲಿ, ಗೃಹಪ್ರವೇಶವೋ, ಮಗುವಿನ ತೊಟ್ಟಿಲೋ, ಹೊಸ ಕಾರು ಬಂದದ್ದೋ, ಮೊದಲ ಫೋನು ಅಡುಗೆಯವನಿಗೆ, ಎರಡನೆಯದು ಮೇಷ್ಟ್ರಿಗೆ. ಸಭಾಪಾಲಕರ ನೆನಪಾಗುತ್ತಿದ್ದದ್ದು ಆಮೇಲೆ. ಸಭಾಪಾಲಕರಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ಅವರಿನ್ನೂ ಚಿಕ್ಕ ವಯಸ್ಸಿನವರು, ಪ್ರಾರ್ಥನೆ ಶುರು ಮಾಡಿದರೆ ಮುಗಿಸುವುದು ಗೊತ್ತಿರಲಿಲ್ಲ, ಅವರು ಆಮೆನ್ ಅನ್ನುವ ಹೊತ್ತಿಗೆ ಅನ್ನ ಆರಿ ತಣ್ಣಗಾಗಿರುತ್ತಿತ್ತು. ಮೇಷ್ಟ್ರು ಹಾಗಲ್ಲ. ಒಳಗೆ ಬಿರಿಯಾನಿಯ ಮುಚ್ಚಳ ತೆಗೆದ ವಾಸನೆ ಬಂತೆಂದರೆ, ಮುಚ್ಚಿದ ಕಣ್ಣು ಮುಚ್ಚಿದ ಹಾಗೆಯೇ, ಎರಡೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದರು.

ಪ್ರಾರ್ಥನೆಯೆಲ್ಲ ಹೆಚ್ಚುಕಡಿಮೆ ಒಂದೇ. ಹೊಸ ಮನೆಯಾದರೆ ಹೊಸ್ತಿಲು, ಕಾರಾದರೆ ಚಕ್ರ, ಮಗುವಾದರೆ ಪುಟ್ಟ ಹೆಜ್ಜೆ. ಮಿಕ್ಕದ್ದು ಬದಲಾಗುತ್ತಿರಲಿಲ್ಲ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಗಂಟಲು ಕಟ್ಟಿದಂತೆ ಒಂದು ಕ್ಷಣ ತಡೆಯಬೇಕು, ಯಾವ ಮಾತಿಗೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲವೂ ಅವರ ನಾಲಿಗೆಗೇ ಗೊತ್ತಿತ್ತು. ನಾಲಿಗೆ ಆ ಕೆಲಸ ನೋಡಿಕೊಳ್ಳುತ್ತಿರುವಾಗ ತಲೆ ಬಿಡುವಾಗಿರುತ್ತಿತ್ತು. ಆ ಬಿಡುವಿನಲ್ಲಿ ಮೇಷ್ಟ್ರು ವಾಪಸು ಬಸ್ಸು ಎಷ್ಟು ಹೊತ್ತಿಗೆ, ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ, ಈ ಮನೆಯವರು ಇಷ್ಟು ಒಳ್ಳೆಯ ಟೈಲ್ಸನ್ನು ಎಲ್ಲಿಂದ ತಂದಿರಬಹುದು ಎಂದು ಯೋಚಿಸುತ್ತಿದ್ದರು.

ಇಷ್ಟಕ್ಕೇ ಮೇಷ್ಟ್ರನ್ನು ಕಪಟಿ ಅಂದರೆ ತಪ್ಪಾಗುತ್ತದೆ. ಅವರು ಯಾರ ಮನೆಯಲ್ಲೂ ಒಂದು ದುಡ್ಡಿನ ಕವರು ಮುಟ್ಟಿದವರಲ್ಲ. ಸಾವಿನ ಮನೆಗೆ ಕರೆಯದೆ ಹೋಗುತ್ತಿದ್ದರು, ಸ್ಮಶಾನದಲ್ಲಿ ಕಡೆಯ ಹಿಡಿ ಮಣ್ಣು ಬೀಳುವ ತನಕ ನಿಲ್ಲುತ್ತಿದ್ದರು. ಒಂದು ಕಾಲಕ್ಕೆ ಅವರ ಪ್ರಾರ್ಥನೆಯಲ್ಲಿ ನಿಜವಾಗಿಯೂ ಜೀವವಿತ್ತು, ಹಾಗಿದ್ದದ್ದರಿಂದಲೇ ಜನ ಕರೆಯಲು ಶುರು ಮಾಡಿದ್ದು. ಆದರೆ ದಿನಾ ಅದೇ ರೂಟಿನಲ್ಲಿ ಓಡಿಸುವ ಡ್ರೈವರಿಗೆ ದಾರಿಯ ಮರಗಳು ಕಾಣುವುದು ನಿಂತುಹೋಗುವಂತೆ, ಮೇಷ್ಟ್ರಿಗೆ ದೇವರು ಕಾಣುವುದು ನಿಂತು ಬಹಳ ಕಾಲವಾಗಿತ್ತು. ಗಾಡಿ ಮಾತ್ರ ಹೊತ್ತಿಗೆ ಸರಿಯಾಗಿ ಸ್ಟಾಪು ಸೇರುತ್ತಿತ್ತು. ಹತ್ತಿದವರಿಗೂ ಓಡಿಸುವವರಿಗೂ ಕೊರತೆಯೇನೂ ಕಂಡಿರಲಿಲ್ಲ.

ಅವರ ಬಾಯಲ್ಲಿ ಇನ್ನೊಂದು ಮಾತು ಸದಾ ಸಿದ್ಧವಾಗಿರುತ್ತಿತ್ತು: ಪ್ರಾರ್ಥನೆ ಮಾಡ್ತೀನಿ. ಮಗನಿಗೆ ಕೆಲಸ ಸಿಕ್ಕಿಲ್ಲ ಎಂದವರಿಗೆ, ಮಂಡಿ ನೋವು ಎಂದವರಿಗೆ, ಸೈಟಿನ ಕೇಸು ನಿಂತಿದೆ ಎಂದವರಿಗೆ, ಎಲ್ಲರಿಗೂ ಅದೇ. ನಾವೆಲ್ಲ ದಾರಿಯಲ್ಲಿ ಸಿಕ್ಕವರಿಗೆ ಒಂದು ಸಲ ಮನೆಗೆ ಬನ್ನಿ ಅನ್ನುವುದಿಲ್ಲವೇ, ಹಾಗೆ. ಯಾರೂ ಬರುವುದಿಲ್ಲ, ಬರಲಿಲ್ಲವೆಂದು ಯಾರೂ ಕೇಳುವುದೂ ಇಲ್ಲ. ಮೇಷ್ಟ್ರು ಆ ಮಾತು ಕೊಟ್ಟು ನಾಲ್ಕು ಹೆಜ್ಜೆ ಹೋಗುವುದರೊಳಗೆ ಮರೆತುಬಿಡುತ್ತಿದ್ದರು. ಸಭೆಯ ಜನ ಅದನ್ನು ಅರ್ಥಮಾಡಿಕೊಂಡಿದ್ದರು, ಅವರೂ ಅದೇ ಮಾತನ್ನು ಬೇರೆಯವರಿಗೆ ಹೇಳುತ್ತಿದ್ದರು. ಅರ್ಥವಾಗದೆ ಇದ್ದದ್ದು ಹೆಬ್ಬೂರಿನ ರಾಮಾಂಜಿನಯ್ಯನಿಗೆ.

ರಾಮಾಂಜಿನಯ್ಯ ತೆಂಗಿನ ತೋಟವಿದ್ದ ಒಕ್ಕಲುಮನೆಯವನು. ಮೇಷ್ಟ್ರಿಗೆ ಹೆಬ್ಬೂರಿನ ಸ್ಕೂಲಿಗೆ ಮೊದಲು ಪೋಸ್ಟಿಂಗ್ ಆದಾಗ ಬಾಡಿಗೆಗೆ ಮನೆ ಕೊಟ್ಟವನು ಅವನೇ. ಕ್ರಿಶ್ಚಿಯನ್ನರಿಗೆ ಮನೆ ಕೊಟ್ಟನಲ್ಲ ಎಂದು ಬೀದಿಯವರು ಗೊಣಗಿದಾಗ ಅವನ ಹೆಂಡತಿ ಚೆನ್ನಮ್ಮ, ಅವರೂ ಅನ್ನಾನೇ ತಿನ್ನೋದು ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದಳು. ಮೇಷ್ಟ್ರ ಹೆಂಡತಿ ಗ್ರೇಸಮ್ಮನಿಗೆ ತಾಯಿ ಇರಲಿಲ್ಲ. ಮೊದಲ ಹೆರಿಗೆಯಾದಾಗ ಬಾಣಂತನ ಮಾಡಿದವಳು ಚೆನ್ನಮ್ಮ. ಬಿಸಿನೀರು ಹುಯ್ದು, ಮಗುವಿಗೆ ಎಣ್ಣೆ ತಿಕ್ಕಿ, ಮೆಣಸಿನ ಸಾರು ಮಾಡಿ ಬಡಿಸಿದ್ದಳು. ಮೇಷ್ಟ್ರು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದರು, ಬರೀ ಬಾಯಿಮಾತಿಗಲ್ಲ. ವರ್ಗವಾಗಿ ತುಮಕೂರು ಸೇರಿ, ರಿಟೈರಾಗಿ, ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿಸಿದ ಮೇಲೂ ಬಳಕೆ ನಿಂತಿರಲಿಲ್ಲ.

ಆ ಚೆನ್ನಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆ ಎಂದು ತುಮಕೂರಿನ ಡಾಕ್ಟರು ಸ್ಕ್ಯಾನಿಂಗ್ ನೋಡಿ ಹೇಳಿದರು. ತೆಗೆದರೆ ಸರಿಹೋಗುತ್ತದೆ, ತಡ ಮಾಡಬೇಡಿ ಎಂದರು. ಚೆನ್ನಮ್ಮ ಒಪ್ಪಲಿಲ್ಲ. ಅವಳ ಅಕ್ಕ ಹಿಂದೆ ಹೀಗೇ ಹೊಟ್ಟೆ ಕುಯ್ಸಿಕೊಂಡು ಆಸ್ಪತ್ರೆಯಿಂದ ಹೆಣವಾಗಿ ಬಂದಿದ್ದಳು. ದೇವರ ಅಪ್ಪಣೆಯಿಲ್ಲದೆ ತಾನು ಒಳಗೆ ಹೋಗುವುದಿಲ್ಲವೆಂದು ಕೂತಳು. ರಾಮಾಂಜಿನಯ್ಯ ಊರಮ್ಮನ ಗುಡಿಯಲ್ಲಿ ಹೂ ಕೇಳಿಸಿದ. ದೇವಿಯ ಮೇಲೆ ಹೂವು ಅಂಟಿಸಿ ಕಾಯುವುದು, ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಬೇಡ. ಅವತ್ತು ಹೂವು ಯಾವ ಕಡೆಗೂ ಬೀಳಲಿಲ್ಲ. ಪೂಜಾರಿ ಕಾದು ಕಾದು, ಅಮ್ಮನಿಗೆ ಇವತ್ತು ಮನಸ್ಸಿಲ್ಲ, ಇನ್ನೊಂದು ದಿನ ಬನ್ನಿ ಎಂದು ಬಾಗಿಲು ಹಾಕಿದ. ರಾಮಾಂಜಿನಯ್ಯನಿಗೆ ಮೇಷ್ಟ್ರ ನೆನಪಾದದ್ದು ಆಗ.

ಅವನು ಉಪ್ಪಾರಹಳ್ಳಿಗೆ ಬಂದಾಗ ಮೇಷ್ಟ್ರು ಗುಬ್ಬಿಯಲ್ಲಿ ಯಾರದೋ ಮದುವೆಗೆ ಹೊರಟು ಗೇಟಿನ ಹೊರಗೆ ನಿಂತಿದ್ದರು. ಕರೆದುಕೊಂಡು ಹೋಗುವ ಕಾರು ಹಾರ್ನ್ ಹೊಡೆಯುತ್ತಿತ್ತು. ರಾಮಾಂಜಿನಯ್ಯ ನಿಂತಲ್ಲೇ ಎಲ್ಲ ಹೇಳಿದ. ಕೊನೆಗೆ, "ಮೇಷ್ಟ್ರೇ, ನಿಮ್ಮ ದೇವ್ರನ್ನ ಒಂದು ಮಾತು ಕೇಳಿ ಹೇಳಿ. ಕುಯ್ಸದಂಗೇ ವಾಸಿ ಆಗ್ತೈತಾ, ಇಲ್ಲಾ ಕುಯ್ಸಬೇಕಾ. ನೀವು ಏನಂತೀರೋ ಹಂಗೆ" ಎಂದ.

ಮೇಷ್ಟ್ರು ಅಯ್ಯೋ ಪಾಪ ಎಂದರು. ಅದು ಸುಳ್ಳಲ್ಲ. ಪ್ರಾರ್ಥನೆ ಮಾಡ್ತೀನಿ ಎಂದು ಅವನ ಭುಜ ತಟ್ಟಿ ಕಾರು ಹತ್ತಿದರು. ಗುಬ್ಬಿ ತಲುಪುವುದರೊಳಗೆ ಡ್ರೈವರ್ ಪಕ್ಕದಲ್ಲಿ ಕೂತವರು ಸಭೆಯ ಎಲೆಕ್ಷನ್ನಿನ ವಿಷಯ ತೆಗೆದರು. ಚೆನ್ನಮ್ಮ ಮನಸ್ಸಿನಿಂದ ಜಾರಿಹೋದಳು.

ವಾರ ಕಳೆದು ರಾಮಾಂಜಿನಯ್ಯ ಫೋನು ಮಾಡಿದ. ಕೇಳಿದ್ರಾ ಮೇಷ್ಟ್ರೇ ಎಂದ. ಮೇಷ್ಟ್ರು ಊಟಕ್ಕೆ ಕೂತಿದ್ದರು. ಏನನ್ನು ಕೇಳಬೇಕಿತ್ತು ಎಂದು ನೆನಪಾಗಲು ಒಂದು ಗಳಿಗೆ ಹಿಡಿಯಿತು. ನೆನಪಾದ ಕೂಡಲೇ ನಾಚಿಕೆಯಾಯಿತು, ನಾಚಿಕೆ ಮುಚ್ಚಿಕೊಳ್ಳಲು ನಾಲಿಗೆ ಮುಂದಾಯಿತು. "ಕೇಳಿದೀನಿ, ಕೇಳಿದೀನಿ. ಯೋಚ್ನೆ ಮಾಡ್ಬೇಡಿ, ವಾಸಿಯಾಗುತ್ತೆ. ದೇವರು ಕೈ ಬಿಡಲ್ಲ" ಎಂದರು. ಇಂಥ ಸಾವಿರ ಮಾತು ಸಾವಿರ ಜನಕ್ಕೆ ಹೇಳಿದ್ದರು. ಆ ಕಡೆಯಿಂದ ರಾಮಾಂಜಿನಯ್ಯ, ದೊಡ್ಡ ಉಪಕಾರ ಆಯ್ತು ಎಂದು ಫೋನು ಇಟ್ಟ. ಮೇಷ್ಟ್ರು ತಿಳಿಸಾರಿಗೆ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.

ಎರಡು ತಿಂಗಳಾದ ಮೇಲೆ ರಾಮಾಂಜಿನಯ್ಯನ ಮಗಳು ಪ್ರಮೀಳಾ ಮನೆಗೆ ಬಂದಳು. ಅವಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಮೇಷ್ಟ್ರ ಹತ್ತಿರವೇ ಅಕ್ಷರ ಕಲಿತ ಹುಡುಗಿ. ಬಂದವಳು ಕಾಫಿ ಮುಟ್ಟಲಿಲ್ಲ. ಅಮ್ಮ ಆಪರೇಷನ್ ಬೇಡವೆಂದು ಕೂತಿದ್ದಾಳೆ, ಕುಯ್ಸದೆ ವಾಸಿಯಾಗುತ್ತದೆಂದು ಮೇಷ್ಟ್ರ ದೇವರು ಮಾತು ಕೊಟ್ಟಿದ್ದಾರಂತೆ, ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ, ಹೊಟ್ಟೆ ದಪ್ಪವಾಗುತ್ತಿದೆ, ಊಟ ಸೇರುವುದಿಲ್ಲ, ರಾತ್ರಿ ನೋವಿಗೆ ನರಳುತ್ತಾಳೆ, ಅಪ್ಪನೂ ಅವಳ ತಾಳಕ್ಕೆ ಕುಣಿಯುತ್ತಿದ್ದಾನೆ ಎಂದಳು. ಡಾಕ್ಟರನ್ನು ಮತ್ತೆ ಹೋಗಿ ಕಂಡಿದ್ದಳು. ಈಗಲೂ ಕಾಲ ಮಿಂಚಿಲ್ಲ, ಆದರೆ ಇನ್ನು ತಡ ಮಾಡಿದರೆ ನಮ್ಮನ್ನು ಕೇಳಬೇಡಿ ಎಂದು ಅವರು ಬೈದು ಕಳಿಸಿದ್ದರು.

ಮೇಷ್ಟ್ರಿಗೆ ಕೂತ ಕುರ್ಚಿ ಅಲುಗಿದಂತಾಯಿತು. ನಾನು ಹಾಗೆ ಹೇಳಲಿಲ್ಲ ಎನ್ನಲು ಬಾಯಿ ತೆರೆದರು. ಹೇಳಿದ್ದರು.

ಪ್ರಮೀಳಾ ಜಗಳಕ್ಕೆ ಬಂದವಳಲ್ಲ. ಅವಳಿಗೆ ಊರಮ್ಮನೂ ಒಂದೇ, ಮೇಷ್ಟ್ರ ದೇವರೂ ಒಂದೇ, ಅಮ್ಮ ಬದುಕಿದರೆ ಸಾಕು. "ನಾಳೆ ಊರಿಗೆ ಬನ್ನಿ ಮೇಷ್ಟ್ರೇ. ಇನ್ನೊಂದ್ಸಲ ಕೇಳ್ದೆ, ಈಗ ದೇವ್ರು ಆಪರೇಷನ್ ಮಾಡ್ಸಿ ಅಂತವ್ರೆ ಅಂತ ಒಂದು ಮಾತು ಹೇಳಿ. ನಾವ್ಯಾರು ಹೇಳಿದ್ರೂ ಕೇಳಲ್ಲ, ನೀವು ಹೇಳಿದ್ರೆ ನಾಳೇನೇ ಹೊರಡ್ತಾಳೆ" ಎಂದಳು.

ಎಷ್ಟು ಸುಲಭದ ಮಾತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಚೆನ್ನಮ್ಮನೂ ಉಳಿಯುತ್ತಾಳೆ, ತಮ್ಮ ಮಾನವೂ ಉಳಿಯುತ್ತದೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವುದಕ್ಕೆ ಸರಿಯಾಗಿತ್ತು. ಬರುತ್ತೇನೆಂದು ಮಾತು ಕೊಟ್ಟರು. ಪ್ರಮೀಳಾ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗ್ರೇಸಮ್ಮ ಕೇಳಿದರು, ನೀವು ಆವತ್ತು ನಿಜವಾಗ್ಲೂ ಕೇಳಿದ್ರಾ ಎಂದು. ಮೇಷ್ಟ್ರು ಪೇಪರು ಮಡಿಸುತ್ತಾ ಕೂತರು. ಗ್ರೇಸಮ್ಮ ಉತ್ತರಕ್ಕೆ ಕಾಯಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಬಾಳಿದ ಹೆಂಗಸಿಗೆ ಗಂಡ ಯಾವಾಗ ಪೇಪರು ಮಡಿಸುತ್ತಾನೆ ಎಂದು ಗೊತ್ತಿರುತ್ತದೆ.

ಮರುದಿನ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಈಗ ಪ್ರಾರ್ಥನೆ ಮಾಡಿಬಿಟ್ಟರೆ ಹೇಳುವ ಮಾತು ಪೂರ್ತಿ ಸುಳ್ಳಾಗುವುದಿಲ್ಲ. ಕಣ್ಣು ಮುಚ್ಚಿದರು. ಪ್ರಾರ್ಥನೆ ತಾನಾಗಿ ಹೊರಟಿತು, ಒಂದು ಕಡೆಯೂ ತಡವರಿಸಲಿಲ್ಲ. ಮೇಷ್ಟ್ರು ಎಚ್ಚೆತ್ತು ನೋಡಿದರೆ ಚೆನ್ನಮ್ಮನ ಹೊಸ್ತಿಲನ್ನು ಆಶೀರ್ವದಿಸಬೇಕೆಂದು ಬೇಡುತ್ತಿದ್ದರು. ಅದು ಗೃಹಪ್ರವೇಶದ್ದು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಕಂಡಕ್ಟರು ಕೊಡಬೇಕಾದ ಚಿಲ್ಲರೆ ನೆನಪಾಯಿತು. ಮೂರನೆಯ ಸಲ ಶುರು ಮಾಡಲು ಧೈರ್ಯ ಸಾಲಲಿಲ್ಲ. ಬಾಣಂತನ ಮಾಡಿದ ಹೆಣ್ಣುಮಗಳ ಜೀವಕ್ಕಾಗಿ ಎರಡು ನಿಮಿಷ ಬೇಡಿಕೊಳ್ಳಲು ಆಗುತ್ತಿಲ್ಲವಲ್ಲ ಎಂದು ಅವರಿಗೆ ಮೊದಲ ಬಾರಿ ದುಃಖವಾಯಿತು. ಹೆಬ್ಬೂರು ಬರುವ ತನಕ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಚೆನ್ನಮ್ಮ ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದಳು. ಮುಖ ಬತ್ತಿತ್ತು, ಕೈಯ ಬಳೆ ಮೊಳಕೈ ತನಕ ಜಾರುತ್ತಿತ್ತು, ಹೊಟ್ಟೆ ಮಾತ್ರ ಸೀರೆಯೊಳಗೆ ಉಬ್ಬಿ ಕಾಣುತ್ತಿತ್ತು. ಮೇಷ್ಟ್ರನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಗ್ರೇಸಮ್ಮನ ಸಕ್ಕರೆ ಕಾಯಿಲೆ ಹೇಗಿದೆ, ಮಗ ಸೊಸೆ ಹೇಗಿದ್ದಾರೆ ಎಂದು ವಿಚಾರಿಸಿದಳು. ತನ್ನ ನೋವಿನ ಮಾತೇ ತೆಗೆಯಲಿಲ್ಲ. ರಾಮಾಂಜಿನಯ್ಯ ಕುರ್ಚಿ ತಂದು ಹಾಕಿದ. ಪ್ರಮೀಳಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನು ಶುರು ಮಾಡಿ ಎನ್ನುವಂತೆ ಮೇಷ್ಟ್ರ ಮುಖ ನೋಡುತ್ತಿದ್ದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಕ್ಕ, ಒಂದು ವಿಷಯ ಹೇಳೋಣ ಅಂತ ಬಂದೆ ಎಂದರು.

ಚೆನ್ನಮ್ಮ ನಕ್ಕಳು. "ಹೇಳಿ. ನಾನೂ ಒಂದು ಮಾತು ಕೇಳ್ಬೇಕಿತ್ತು. ನೀವು ಅವತ್ತು ಹೇಳ್ದಾಗಿಂದ ದಿನಾ ಬೆಳಿಗ್ಗೆ ನಿಮ್ಮ ದೇವ್ರಿಗೂ ಒಂದು ಕೈ ಮುಗೀತೀನಿ. ಯಾವ ಕಡೆ ತಿರುಗ್ಬೇಕು ಅಂತ ನಂಗೊತ್ತಿಲ್ಲ. ನೀವಿರೋದು ತುಮ್ಕೂರಲ್ಲಿ ಅಂತ ತುಮ್ಕೂರ್ ಕಡೆ ತಿರುಗ್ತೀನಿ. ಸರೀನಾ ಅದು?"

ಮೇಷ್ಟ್ರು ಹೇಳಬೇಕಾದ ವಾಕ್ಯ ಬಾಯೊಳಗೆ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಒಂದು ಜೀವ ಉಳಿಯುತ್ತದೆ. ಹೇಳದೆ ನಿಜ ನುಡಿದರೆ ಈಕೆ ಎಲ್ಲ ದೇವರ ಮೇಲೂ ನಂಬಿಕೆ ಬಿಟ್ಟು ಮಂಚ ಹಿಡಿದು ಕೂರಬಹುದು, ಆಗ ಅವಳ ಸಾವು ತಮ್ಮ ತಲೆಗೇ. ಇಷ್ಟೆಲ್ಲ ಗೊತ್ತಿದ್ದೂ ನಾಲಿಗೆ ಏಳಲಿಲ್ಲ. ಅವರಿಗೆ ಭಯವಾಗಿತ್ತು. ರಾಮಾಂಜಿನಯ್ಯನ ಭಯವಲ್ಲ, ಊರವರ ಭಯವಲ್ಲ. ಮೇಲೆ ಯಾರೂ ಇಲ್ಲದಿದ್ದರೆ ಈ ಸುಳ್ಳಿಗೆ ಯಾವ ಖರ್ಚೂ ಇಲ್ಲ, ಹೇಳಿ ಕಾಫಿ ಕುಡಿದು ಹೋಗಬಹುದು. ಹೇಳಲು ಆಗುತ್ತಿಲ್ಲ ಎಂದರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ. ಎಷ್ಟೋ ವರ್ಷ ವೇದಿಕೆಯ ಮೇಲೆ, ಮೈಕಿನ ಮುಂದೆ ಕರೆದಾಗ ಬಾರದಿದ್ದವನು ಈ ಪಡಸಾಲೆಯಲ್ಲಿ, ಮಂಚದ ಪಕ್ಕದಲ್ಲಿ, ಕರೆಯದೆಯೇ ಬಂದು ಕೂತ ಹಾಗೆ ಅವರಿಗೆ ಅನ್ನಿಸಿತು.

"ಅಕ್ಕ, ನಾನು ಕೇಳಲೇ ಇಲ್ಲ" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು. ರಾಮಾಂಜಿನಯ್ಯ ಬಂದು ಹೇಳಿದ ದಿನ ಕಾರು ಹತ್ತಿ ಮರೆತುಬಿಟ್ಟದ್ದು, ಫೋನಿನಲ್ಲಿ ಕೇಳಿದೀನಿ ಅಂದದ್ದು ಸುಳ್ಳು, ವಾಸಿಯಾಗುತ್ತದೆ ಅಂದದ್ದು ದೇವರ ಮಾತಲ್ಲ, ತಮ್ಮ ಬಾಯಿಗೆ ಬಂದದ್ದು. ಇವತ್ತೂ ದೇವರು ಆಪರೇಷನ್ ಮಾಡಿಸಿ ಅಂದರು ಅಂತ ಇನ್ನೊಂದು ಸುಳ್ಳು ಹೇಳಲು ಬಂದಿದ್ದೆ ಎಂದರು. ಪ್ರಮೀಳಾಳ ಹೆಸರು ಎತ್ತಲಿಲ್ಲ. ಅವಳು ಬಾಗಿಲಲ್ಲಿ ಹಣೆಗೆ ಕೈ ಹಚ್ಚಿಕೊಂಡು ನಿಂತಿದ್ದಳು, ಕೆಲಸ ಕೆಡಿಸಿದನಲ್ಲ ಈ ಮನುಷ್ಯ ಎಂದು ಮುಖದಲ್ಲೇ ಬರೆದಿತ್ತು.

ರಾಮಾಂಜಿನಯ್ಯ ಎದ್ದು ನಿಂತ. ಅವನು ಕೂಗಾಡುವ ಪೈಕಿಯಲ್ಲ. "ನನ್ ಹೆಂಡ್ತಿ ಜೀವ ಕಣ್ರೀ ಅದು. ಒಂದ್ ಮಾತು ಕೇಳಕ್ಕೆ ಪುರುಸೊತ್ತಿರ್ಲಿಲ್ವಾ ನಿಮ್ಗೆ" ಎಂದ. ಮೇಷ್ಟ್ರು ತಲೆ ತಗ್ಗಿಸಿದರು. ರಾಮಾಂಜಿನಯ್ಯ ಹೆಗಲ ಟವೆಲು ತೆಗೆದು ಕೊಡವಿ, ಅವರನ್ನು ದಾಟಿಕೊಂಡು ಅಂಗಳಕ್ಕೆ ಹೋಗಿಬಿಟ್ಟ. ಅಂದಿನಿಂದ ಅವರೊಂದಿಗೆ ಮಾತು ಬಿಟ್ಟ. ಬಿಟ್ಟದ್ದು ತಪ್ಪು ಎಂದು ಯಾರು ಹೇಳುತ್ತಾರೆ?

ಚೆನ್ನಮ್ಮ ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದಳು. ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಎರಡು ತಿಂಗಳು ನಂಬಿದ್ದ ಮಾತು ಹೋದರೆ ಯಾರಿಗೆ ತಾನೇ ಅಳು ಬರುವುದಿಲ್ಲ. ಮೇಷ್ಟ್ರು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಕುರ್ಚಿಯ ತುದಿಯಲ್ಲಿದ್ದರು. ಕೊನೆಗೆ ಅವಳು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು.

"ಹಂಗಾರೆ ಈಗ ಕೇಳಿ" ಎಂದಳು.

ಮೇಷ್ಟ್ರು ಕುರ್ಚಿಯಿಂದ ಇಳಿದು ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿದರು. ಎಂದಿನ ಮಾತು ನಾಲಿಗೆಯ ತುದಿಗೆ ಬಂತು, ಸರ್ವಶಕ್ತನೇ, ಕೃಪಾಸಾಗರನೇ. ಅದನ್ನು ನುಂಗಿಕೊಂಡರು. ಅದು ಹೋದ ಮೇಲೆ ಒಳಗೆ ಏನೂ ಉಳಿದಿರಲಿಲ್ಲ. ಸಂತೆ ಮುಗಿದ ಮೈದಾನದಂತೆ ಖಾಲಿ. ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಗಿ ಸದ್ದಡಗಿತು. ಪ್ರಮೀಳಾ ಸ್ಟೌವ್ ಆರಿಸಿ ಬಂದು ಮತ್ತೆ ಬಾಗಿಲಲ್ಲಿ ನಿಂತಳು. ಇಷ್ಟು ತಡವಾಗಿ ಮೇಷ್ಟ್ರು ಎಲ್ಲೂ ಪ್ರಾರ್ಥನೆ ಶುರು ಮಾಡಿದ್ದಿಲ್ಲ.

"ಅಪ್ಪಾ" ಎಂದರು. ಮತ್ತೆ ನಿಂತರು. "ಚೆನ್ನಕ್ಕ ಹೆದರಿದಾಳೆ. ನಾನೂ ಹೆದರಿದೀನಿ. ನಾನು ನಿನ್ನ ಹೆಸರಲ್ಲಿ ಸುಳ್ಳು ಹೇಳ್ದೆ. ಅದಕ್ಕೆ ಇವಳನ್ನ ದಂಡಿಸಬೇಡ. ಏನು ಮಾಡ್ಬೇಕು ಅಂತ ನಮಗೆ ಗೊತ್ತಾಗ್ತಿಲ್ಲ."

ಅಷ್ಟೇ. ಆಮೆನ್ ಅನ್ನುವುದು ಮರೆತುಹೋಯಿತು. ದನಿ ತಗ್ಗಲಿಲ್ಲ, ಏರಲಿಲ್ಲ, ಯಾರೂ ಸೆರಗು ಕಣ್ಣಿಗೊತ್ತಿಕೊಳ್ಳಲಿಲ್ಲ. ಗುಬ್ಬಿಯ ಮದುವೆಯವರು ಕೇಳಿದ್ದರೆ ಮೇಷ್ಟ್ರಿಗೆ ಮೈ ಹುಷಾರಿಲ್ಲ ಅನ್ನುತ್ತಿದ್ದರು. ಮೇಷ್ಟ್ರು ಹಾಗೇ ಮಂಡಿಯ ಮೇಲಿದ್ದರು, ಮಂಡಿ ನೋಯುವ ತನಕ.

"ಏನಂದ್ರು?" ಎಂದು ಚೆನ್ನಮ್ಮ ಕೇಳಿದಳು.

"ಏನೂ ಅನ್ನಲಿಲ್ಲ ಅಕ್ಕ."

ಈಗಲಾದರೂ ಒಂದು ಒಳ್ಳೆಯ ಮಾತು ಹೇಳಬಾರದಿತ್ತೇ ಎಂದು ಮೇಷ್ಟ್ರ ಒಳಗೊಂದು ದನಿ ಚುಚ್ಚಿತು. ಆದರೆ ಚೆನ್ನಮ್ಮ ಅವರ ಮುಖವನ್ನೇ ದಿಟ್ಟಿಸುತ್ತಿದ್ದಳು. ಸಂತೆಯಲ್ಲಿ ರಾಗಿ ಕೈಗೆ ತಗೊಂಡು ಉಜ್ಜಿ ನೋಡುವವಳ ನೋಟ ಅದು.

"ಊರಮ್ಮನೂ ಏನೂ ಅನ್ಲಿಲ್ಲ. ನಿಮ್ಮ ದೇವ್ರೂ ಏನೂ ಅನ್ಲಿಲ್ಲ" ಎಂದಳು ನಿಧಾನವಾಗಿ. "ಅಂದ್ರೆ ನಮ್ಗೇ ಬುಟ್ಟವ್ರೆ. ನೀವೇ ನೋಡ್ಕಳಿ ಅಂತ. ಪ್ರಮೀಳಾ, ನನ್ ಸೀರೆ ಎತ್ತಿಡು. ಡಾಕ್ಟ್ರು ಹೇಳ್ದಂಗೇ ಆಗ್ಲಿ."

ಪ್ರಮೀಳಾ ಬಾಯಿ ಬಿಟ್ಟುಕೊಂಡು ನಿಂತಳು. ಆಮೇಲೆ ಒಳಗೆ ಓಡಿದಳು, ಬೀರುವಿನಿಂದ ಬ್ಯಾಗು ತೆಗೆದ ಸದ್ದು ಕೇಳಿಸಿತು. ಚೆನ್ನಮ್ಮ ಮೇಷ್ಟ್ರಿಗೆ ಒಂದು ಷರತ್ತು ಹಾಕಿದಳು. "ನನ್ನ ಒಳಗೆ ಕರ್ಕೊಂಡು ಹೋದಾಗ ನೀವು ಹೊರಗೆ ಇರ್ಬೇಕು. ಕೂತ್ಕೊಂಡು ಕೇಳ್ತಾನೇ ಇರ್ಬೇಕು. ಈ ಸಲ ಮರೀಬಾರ್ದು."

ಮೇಷ್ಟ್ರು ಪ್ರಾರ್ಥನೆ ಮಾಡ್ತೀನಿ ಅನ್ನಲಿಲ್ಲ. ಬರ್ತೀನಿ ಎಂದಷ್ಟೇ ಹೇಳಿದರು.

ಮುಂದಿನ ವಾರ ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಾಯಿತು. ಚೆನ್ನಮ್ಮ ಉಳಿದಳು ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಓದುವವರು ಅದನ್ನೇ ಕಾಯುತ್ತಾರೆ. ಉಳಿಸಿದ್ದು ಡಾಕ್ಟರ ಕೈಯೋ, ದೇವರ ಕೈಯೋ, ಅವಳ ಗಟ್ಟಿ ಜೀವವೋ, ಅದನ್ನು ಬಲ್ಲವರು ಹೇಳಲಿ. ಆದರೆ ಆ ಬೆಳಿಗ್ಗೆ ಅವಳು ಒಳಗಿದ್ದಾಗ ಹೊರಗೆ ಕೂತವರಿಗೆ ಇದಾವುದೂ ಗೊತ್ತಿರಲಿಲ್ಲ.

ಆಪರೇಷನ್ ಥಿಯೇಟರಿನ ಹೊರಗೆ ಉದ್ದನೆಯ ಬೆಂಚು. ಒಂದು ತುದಿಯಲ್ಲಿ ರಾಮಾಂಜಿನಯ್ಯ, ಇನ್ನೊಂದು ತುದಿಯಲ್ಲಿ ಮೇಷ್ಟ್ರು. ಪ್ರಮೀಳಾ ಔಷಧಿ ತರಲು ಕೆಳಗೆ ಹೋಗಿದ್ದಳು. ರಾಮಾಂಜಿನಯ್ಯ ಬೆಳಿಗ್ಗೆಯಿಂದ ಮೇಷ್ಟ್ರ ಕಡೆ ಮುಖ ತಿರುಗಿಸಿರಲಿಲ್ಲ. ಮೇಷ್ಟ್ರು ತಂದ ಇಡ್ಲಿ ಪೊಟ್ಟಣ ಇಬ್ಬರ ನಡುವೆ ಬಿಚ್ಚದೆ ಕೂತಿತ್ತು.

ಮೇಷ್ಟ್ರು ಮುಂದಕ್ಕೆ ಬಗ್ಗಿ, ಮೊಳಕೈಗಳನ್ನು ತೊಡೆಗೆ ಊರಿ, ಮುಖವನ್ನು ಅಂಗೈಯಲ್ಲಿಟ್ಟುಕೊಂಡಿದ್ದರು. ಇದು ಸಲೀಸಾದ ಕೆಲಸವಾಗಿರಲಿಲ್ಲ. ಮನಸ್ಸು ಕ್ಯಾಂಟೀನಿನ ಕಾಫಿಯ ಕಡೆ ಓಡುತ್ತಿತ್ತು, ಹಿಡಿದು ತರುತ್ತಿದ್ದರು. ಎದುರು ಗೋಡೆಯ ಬೋರ್ಡು ಓದುತ್ತಿತ್ತು, ಮತ್ತೆ ಹಿಡಿದು ತರುತ್ತಿದ್ದರು. ಮಾತುಗಳಿರಲಿಲ್ಲ, ಚೆನ್ನಕ್ಕ ಎಂಬ ಹೆಸರೊಂದೇ. ಅದನ್ನೇ ಹೇಳಿ, ಸುಮ್ಮನಾಗಿ, ಮತ್ತೆ ಹೇಳುತ್ತಿದ್ದರು. ನಡುವೆ ಒಮ್ಮೆ ಯಾಕೆ ಸುಮ್ಮನಿದ್ದೀಯ ಎಂದು ದೇವರ ಮೇಲೆ ಸಿಟ್ಟೂ ಬಂತು. ಸಿಟ್ಟು ಬಂದದ್ದಕ್ಕೆ ಅಳುವೂ ಬಂತು. ಬೆರಳ ಸಂದಿಯಿಂದ ನೀರು ಒಸರಿ ಶರಟಿನ ತೋಳು ಒದ್ದೆಯಾಯಿತು. ಅದನ್ನು ಅವರು ಗಮನಿಸಲಿಲ್ಲ, ರಾಮಾಂಜಿನಯ್ಯ ಗಮನಿಸಿದ.

ಮೇಷ್ಟ್ರ ಫೋನು ಬೆಂಚಿನ ಮೇಲೆ ಇಡ್ಲಿ ಪೊಟ್ಟಣದ ಪಕ್ಕದಲ್ಲಿತ್ತು. ಅದು ಬಡಿದುಕೊಳ್ಳಲು ಶುರುವಾಯಿತು. ಒಂದು ಸಲ ಪೂರ್ತಿ ಬಡಿದು ನಿಂತಿತು, ಎರಡನೆಯ ಸಲವೂ ಬಡಿಯಿತು. ಮೇಷ್ಟ್ರು ತಲೆಯೆತ್ತಲಿಲ್ಲ. ಮೂರನೆಯ ಸಲ ರಾಮಾಂಜಿನಯ್ಯ ಕೈಚಾಚಿ ತೆಗೆದುಕೊಂಡ.

ಗುಬ್ಬಿಯಿಂದ ಸಭೆಯ ಕಾರ್ಯದರ್ಶಿ ಅನಂತರಾಜು ಮಾಡಿದ್ದ. ಅವತ್ತು ಗುಬ್ಬಿಯಲ್ಲಿ ಸುತ್ತಮುತ್ತಲ ಸಭೆಗಳೆಲ್ಲ ಸೇರಿ ಇಟ್ಟುಕೊಂಡಿದ್ದ ದೊಡ್ಡ ಕೂಟ. ಪೆಂಡಾಲು ತುಂಬಿದೆ, ಬೆಂಗಳೂರಿನಿಂದ ಬಿಷಪ್ಪರು ಬಂದು ಕೂತಿದ್ದಾರೆ, ಮೇಷ್ಟ್ರು ಆರಂಭದ ಪ್ರಾರ್ಥನೆ ಮಾಡಿದರೆ ಕೂಟ ಶುರು, ಎಲ್ಲಿದ್ದಾರೆ ಅವರು ಎಂದು ಅನಂತರಾಜು ಒಂದೇ ಉಸಿರಿಗೆ ಕೇಳಿದ. ಮೇಷ್ಟ್ರಿಗೆ ಆ ಕೂಟ ಇರುವುದೇ ಮರೆತುಹೋಗಿತ್ತು.

ರಾಮಾಂಜಿನಯ್ಯ ಬೆಂಚಿನ ಆ ತುದಿಗೆ ನೋಡಿದ. ಮೇಷ್ಟ್ರ ಬೆನ್ನು ಮೆಲ್ಲಗೆ ಅಲುಗುತ್ತಿತ್ತು.

"ಮೇಷ್ಟ್ರು ಪ್ರಾರ್ಥನೆ ಮಾಡ್ತಾ ಅವ್ರೆ ಕಣಪ್ಪ" ಎಂದ. "ಇನ್ನೂ ಮುಗ್ದಿಲ್ಲ. ಈಗ ಎಬ್ಬಿಸಕ್ಕಾಗಲ್ಲ. ನಿಮ್ದು ನೀವು ಶುರು ಮಾಡ್ಕಳಿ."

ಆಮೇಲೆ ಫೋನು ಆಫ್ ಮಾಡಿ ತನ್ನ ಜೇಬಿಗೆ ಹಾಕಿಕೊಂಡ. ಇಡ್ಲಿ ಪೊಟ್ಟಣವನ್ನು ಅತ್ತ ಸರಿಸಿ, ಮೇಷ್ಟ್ರ ಪಕ್ಕಕ್ಕೆ ಬಂದು ಕೂತ.